ಆನ್‌ಲೈನ್ ವ್ಯಾಪಾರದಲ್ಲಿ ಚಂದಾ ಪದ್ಧತಿ: ಯಾವಾಗ ಒಪ್ಪುತ್ತದೆ, ಯಾವಾಗ ಒಪ್ಪುವುದಿಲ್ಲ

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ,

ಇತ್ತೀಚಿನ ವರ್ಷಗಳಲ್ಲಿ ಗ್ರಾಮೀಣ ಪ್ರದೇಶದ ಸ್ವಸಹಾಯ ಸಂಘಗಳು, ರೈತ ಉತ್ಪಾದಕ ಸಂಸ್ಥೆಗಳು ಹಾಗೂ ಯುವ ಉದ್ಯಮಿಗಳು ತಮ್ಮ ಉತ್ಪನ್ನಗಳನ್ನು ಮೊಬೈಲ್ ದೂರವಾಣಿಯ ಮೂಲಕ ನೇರವಾಗಿ ನಗರದ ಗ್ರಾಹಕರಿಗೆ ಮಾರಾಟ ಮಾಡತೊಡಗಿದ್ದಾರೆ. ರೊಟ್ಟಿ, ಚಟ್ನಿಪುಡಿ, ಸಿರಿಧಾನ್ಯದ ಹಿಟ್ಟು, ಕಾಫಿಪುಡಿ, ಜೇನುತುಪ್ಪ, ಕೈಮಗ್ಗದ ಬಟ್ಟೆ ಮೊದಲಾದವು ಈ ದಾರಿಯಲ್ಲಿ ಊರಿನಿಂದ ಹೊರಡುತ್ತಿವೆ. ಇಂತಹ ವ್ಯಾಪಾರಕ್ಕೆ ಸಾಲ, ಕೊಠಡಿ, ತರಬೇತಿ ಅಥವಾ ಶಿಫಾರಸು ಕೋರಿ ಬರುವ ಯೋಜನಾ ಪತ್ರಗಳಲ್ಲಿ ಒಂದು ಮಾತು ಪದೇ ಪದೇ ಕಾಣುತ್ತದೆ: "ಗ್ರಾಹಕರನ್ನು ಮಾಸಿಕ ಚಂದಾದಾರರನ್ನಾಗಿ ಮಾಡಿಕೊಂಡು ಪ್ರತಿ ತಿಂಗಳೂ ಖಚಿತ ಆದಾಯ ಗಳಿಸಲಾಗುವುದು."

ಈ ಮಾತು ಕೇಳಲು ಹಿತವಾಗಿದೆ. ಕೆಲವು ವ್ಯಾಪಾರಗಳಿಗೆ ಅದು ನಿಜವೂ ಹೌದು. ಆದರೆ ಒಪ್ಪದ ವ್ಯಾಪಾರಕ್ಕೆ ಚಂದಾ ಪದ್ಧತಿಯನ್ನು ಅಂಟಿಸಿದರೆ ಆರಂಭದಲ್ಲಿ ಮುಂಗಡ ಹಣ ಬಂದು, ಕೆಲವೇ ತಿಂಗಳಲ್ಲಿ ಗ್ರಾಹಕರು ಕಳಚಿಕೊಂಡು, ಸಂಘದ ಮೇಲೆ ಸಾಲವೂ ಪೂರೈಸಲಾಗದ ಬಾಧ್ಯತೆಯೂ ಉಳಿಯುತ್ತವೆ. ಸ್ವಸಹಾಯ ಸಂಘದಲ್ಲಿ ಒಬ್ಬರ ಕಂತು ತಪ್ಪಿದರೆ ಉಳಿದವರ ಮೇಲೆ ಹೊರೆ ಬೀಳುತ್ತದೆ. ಆದ್ದರಿಂದ ಇಂತಹ ಪ್ರಸ್ತಾವ ತಮ್ಮ ಮುಂದೆ ಬಂದಾಗ ಸದಸ್ಯರು ಯಾವ ಪ್ರಶ್ನೆಗಳನ್ನು ಕೇಳಬೇಕು, ಯಾವ ಲೆಕ್ಕವನ್ನು ನೋಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಚಂದಾ ಪದ್ಧತಿ ಎಂದರೇನು?

ಹೆಸರು ಹೊಸದಾಗಿ ಕಂಡರೂ ವ್ಯವಸ್ಥೆ ನಮಗೆ ಹೊಸದಲ್ಲ. ಮನೆಗೆ ದಿನವೂ ಹಾಲು ಹಾಕುವವರ "ವರ್ತನೆ"ಯನ್ನು ಎಲ್ಲರೂ ಬಲ್ಲರು. ದಿನಕ್ಕೆ ಎಷ್ಟು ಲೀಟರ್ ಎಂದು ಒಮ್ಮೆ ಹೇಳಿದರೆ ಸಾಕು. ಪ್ರತಿದಿನ ಕೇಳಬೇಕಾಗಿಲ್ಲ, ಚೌಕಾಸಿ ಮಾಡಬೇಕಾಗಿಲ್ಲ, ತಿಂಗಳಿಗೊಮ್ಮೆ ಲೆಕ್ಕ ಚುಕ್ತಾ. ದಿನಪತ್ರಿಕೆ ಮತ್ತು ಮಾಸಪತ್ರಿಕೆಗಳ ಚಂದಾ ಕೂಡ ಇದೇ ಬಗೆಯದು. ಸಂತೆಯ ವ್ಯಾಪಾರ ಇದಕ್ಕೆ ವ್ಯತಿರಿಕ್ತ. ಅಲ್ಲಿ ಪ್ರತಿ ವಾರವೂ ಗ್ರಾಹಕರನ್ನು ಹೊಸದಾಗಿ ಒಲಿಸಿಕೊಳ್ಳಬೇಕು.

ಆನ್‌ಲೈನ್ ವ್ಯಾಪಾರದಲ್ಲಿ ಗ್ರಾಹಕರು ಒಮ್ಮೆ ಒಪ್ಪಿಗೆ ನೀಡಿದ ಮೇಲೆ ನಿಗದಿತ ಅವಧಿಗೊಮ್ಮೆ ಹಣ ತಾನಾಗಿ ಪಾವತಿಯಾಗುವ ಮತ್ತು ಅದಕ್ಕೆ ಪ್ರತಿಯಾಗಿ ಸರಕು ಅಥವಾ ಸೇವೆ ತಪ್ಪದೆ ದೊರೆಯುವ ಏರ್ಪಾಡನ್ನು ಚಂದಾ ಪದ್ಧತಿ ಎನ್ನಬಹುದು. ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

ಅ) ಮರುಪೂರೈಕೆ: ಮನೆಯಲ್ಲಿ ಮುಗಿಯುತ್ತಲೇ ಇರುವ ವಸ್ತುವನ್ನು ಅವಧಿಗೊಮ್ಮೆ ತಲುಪಿಸುವುದು. ಹಾಲು, ಕಾಫಿಪುಡಿ, ಹಿಟ್ಟು, ತರಕಾರಿ ಇದಕ್ಕೆ ಉದಾಹರಣೆ.

ಆ) ಆಯ್ದ ಪೆಟ್ಟಿಗೆ: ಏನು ಬರುತ್ತದೆಂಬುದನ್ನು ಮಾರಾಟಗಾರರೇ ಆರಿಸಿ, ಪ್ರತಿ ತಿಂಗಳು ಬೇರೆ ಬೇರೆ ವಸ್ತುಗಳನ್ನು ಕಳುಹಿಸುವುದು.

ಇ) ಬಳಕೆಯ ಹಕ್ಕು: ವಸ್ತುವನ್ನು ಕೊಡದೆ, ಚಂದಾ ಇರುವಷ್ಟು ಕಾಲ ಬಳಸಲು ಅವಕಾಶ ನೀಡುವುದು. ಚಲನಚಿತ್ರಗಳ ಆನ್‌ಲೈನ್ ವೀಕ್ಷಣೆ, ಗಣಕಯಂತ್ರದ ತಂತ್ರಾಂಶ, ಆನ್‌ಲೈನ್ ಪಾಠಗಳು ಈ ವರ್ಗಕ್ಕೆ ಸೇರುತ್ತವೆ.

ಮೂರನೆಯ ಬಗೆಯ ಯಶಸ್ಸೇ ಈ ಪದ್ಧತಿಗೆ ಇಂದಿನ ಪ್ರಚಾರವನ್ನು ತಂದುಕೊಟ್ಟಿದೆ. ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆ 1998ರಲ್ಲಿ ಚಲನಚಿತ್ರಗಳ ಡಿವಿಡಿಗಳನ್ನು ಬಿಡಿಬಿಡಿಯಾಗಿ ಬಾಡಿಗೆಗೆ ಕೊಡುತ್ತಿತ್ತು. 1999ರಲ್ಲಿ ಮಾಸಿಕ ಚಂದಾವನ್ನು ಆರಂಭಿಸಿತು. ಅಡೋಬಿ ಸಂಸ್ಥೆ 2013ರಲ್ಲಿ ತನ್ನ ಪ್ರಮುಖ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಚಂದಾ ಮೂಲಕವೇ ನೀಡುವುದಾಗಿ ಪ್ರಕಟಿಸಿತು. ಇಂತಹ ಸಂಸ್ಥೆಗಳಿಗೆ ಇನ್ನೊಬ್ಬ ಚಂದಾದಾರ ಸೇರಿದರೆ ತಗಲುವ ಹೆಚ್ಚುವರಿ ವೆಚ್ಚ ಅತ್ಯಲ್ಪ. ಒಮ್ಮೆ ಸಿದ್ಧವಾದ ತಂತ್ರಾಂಶವನ್ನು ಸಾವಿರ ಜನ ಬಳಸಿದರೂ ಲಕ್ಷ ಜನ ಬಳಸಿದರೂ ಅದನ್ನು ಮತ್ತೆ ತಯಾರಿಸಬೇಕಾಗಿಲ್ಲ. ರೊಟ್ಟಿಯ ವಿಷಯ ಹಾಗಲ್ಲ. ನೂರೊಂದನೆಯ ಚಂದಾದಾರರಿಗೂ ಹಿಟ್ಟು ನಾದಬೇಕು, ತಟ್ಟಬೇಕು, ಸುಡಬೇಕು, ಕಟ್ಟಬೇಕು, ಕಳುಹಿಸಬೇಕು. ಒಂದು ವರ್ಗದ ಯಶಸ್ಸನ್ನು ಇನ್ನೊಂದು ವರ್ಗಕ್ಕೆ ಸಾಕ್ಷಿಯಾಗಿ ತೋರಿಸುವ ಯೋಜನಾ ಪತ್ರಗಳ ಬಗ್ಗೆ ಎಚ್ಚರ ಅಗತ್ಯ.

2. ಈ ಪದ್ಧತಿಯ ಅನುಕೂಲ ಮತ್ತು ಅದರ ಹಿಂದಿನ ಬಾಧ್ಯತೆ

ಅನುಕೂಲಗಳು ಸ್ಪಷ್ಟ. ಮುಂದಿನ ತಿಂಗಳು ಎಷ್ಟು ಸರಕು ಬೇಕೆಂಬುದು ಮೊದಲೇ ತಿಳಿಯುವುದರಿಂದ ಕಚ್ಚಾ ಸಾಮಗ್ರಿಯನ್ನು ಒಟ್ಟಿಗೆ ಕೊಳ್ಳಬಹುದು. ಕೆಲಸಗಾರರಿಗೆ ಇಂತಿಷ್ಟು ದಿನದ ಕೂಲಿ ಎಂದು ಭರವಸೆ ಕೊಡಬಹುದು. ಸರಕು ಉಳಿದು ಕೆಡುವುದು ಕಡಿಮೆಯಾಗುತ್ತದೆ. ಸಾಲದ ಕಂತಿಗೆ ಹಣ ಹೊಂದಿಸುವುದು ಸುಲಭವಾಗುತ್ತದೆ.

ಆದರೆ ಒಂದು ಸಂಗತಿಯನ್ನು ಮರೆಯಬಾರದು. ಚಂದಾದಾರರಿಂದ ಮುಂಗಡವಾಗಿ ಬಂದ ಹಣ, ಸರಕು ತಲುಪುವವರೆಗೆ ಆದಾಯವಲ್ಲ. ಅದು ಸಂಘ ತೀರಿಸಬೇಕಾದ ಋಣ. ಆರು ತಿಂಗಳ ಚಂದಾವನ್ನು ಒಮ್ಮೆಲೇ ಪಡೆದ ಸಂಘದ ಖಾತೆಯಲ್ಲಿ ಮೊದಲ ತಿಂಗಳು ಹಣ ತುಂಬಿ ತುಳುಕುತ್ತದೆ. ಆ ಹಣದಲ್ಲಿ ಯಂತ್ರ ಕೊಂಡು, ಕೊಠಡಿಗೆ ಬಣ್ಣ ಹೊಡೆಸಿದರೆ ಐದನೆಯ ತಿಂಗಳ ಜೋಳಕ್ಕೆ ಹಣ ಎಲ್ಲಿಂದ ಬರಬೇಕು? ಬಿಡಿ ಮಾರಾಟದಲ್ಲಿ ಒಂದು ವಾರ ಸರಕು ಇಲ್ಲದಿದ್ದರೆ ಆ ವಾರದ ವ್ಯಾಪಾರ ಮಾತ್ರ ನಷ್ಟ. ಚಂದಾ ಪದ್ಧತಿಯಲ್ಲಿ ಒಂದು ತಿಂಗಳು ತಪ್ಪಿದರೆ ಕೊಟ್ಟ ಮಾತು ತಪ್ಪಿದಂತೆ. ಹಣ ಮರಳಿಸಬೇಕು, ಗ್ರಾಹಕರೂ ಕೈಬಿಡುತ್ತಾರೆ.

3. ಕೇಳಬೇಕಾದ ಐದು ಪ್ರಶ್ನೆಗಳು

*ಪ್ರಶ್ನೆ 1: ಗ್ರಾಹಕರ ಅಗತ್ಯ ತಾನಾಗಿಯೇ ಮರುಕಳಿಸುತ್ತದೆಯೇ?*

ಇದು ಮೊದಲನೆಯ ಮತ್ತು ಅತಿ ಮುಖ್ಯವಾದ ಪ್ರಶ್ನೆ. ಮಾರಾಟಗಾರರಿಗೆ ಪ್ರತಿ ತಿಂಗಳು ಹಣ ಬೇಕು ಎಂಬುದು ಚಂದಾಕ್ಕೆ ಕಾರಣವಾಗದು; ಕೊಳ್ಳುವವರಿಗೆ ಪ್ರತಿ ತಿಂಗಳು ಆ ವಸ್ತು ಬೇಕಿರಬೇಕು. ಕಾಫಿ ಕುಡಿಯುವ ಮನೆಯಲ್ಲಿ ಪುಡಿ ಮುಗಿಯುತ್ತದೆ. ಅಂದಾಜು ಎಷ್ಟು ದಿನಕ್ಕೆ ಮುಗಿಯುತ್ತದೆಂದು ಆ ಮನೆಯವರೇ ಹೇಳಬಲ್ಲರು. ಒಂದು ಡಬ್ಬಿ ಉಪ್ಪಿನಕಾಯಿಯಾದರೋ ಒಂದು ಮನೆಯಲ್ಲಿ ಒಂದು ತಿಂಗಳಿಗೂ, ಇನ್ನೊಂದು ಮನೆಯಲ್ಲಿ ಆರು ತಿಂಗಳಿಗೂ ಬರಬಹುದು. ಪ್ರತಿ ತಿಂಗಳು ಹೊಸ ಡಬ್ಬಿ ಬಂದು ಬಿದ್ದರೆ ಮೂರನೆಯ ಡಬ್ಬಿಯ ಹೊತ್ತಿಗೆ ಗ್ರಾಹಕರು ಚಂದಾ ರದ್ದುಪಡಿಸುತ್ತಾರೆ. ಇಳಕಲ್ ಸೀರೆ, ಚನ್ನಪಟ್ಟಣದ ಬೊಂಬೆ, ಕಿನ್ನಾಳದ ಕಲಾಕೃತಿಗಳು ಮನಸ್ಸಿಗೆ ಬಂದಾಗ, ಹಬ್ಬ ಅಥವಾ ಮದುವೆಗೆಂದು ಕೊಳ್ಳುವಂಥವು. ಇವುಗಳಿಗೆ ಮಾಸಿಕ ಚಂದಾ ಸಹಜವಾಗಿ ಒಪ್ಪುವುದಿಲ್ಲ.

ಇದನ್ನು ಪರೀಕ್ಷಿಸಲು ಸುಲಭ ಮಾರ್ಗವಿದೆ. ಸಂಘವು ಈಗಾಗಲೇ ಬಿಡಿಯಾಗಿ ಮಾರುತ್ತಿದ್ದರೆ ಕಳೆದ ಆರು ತಿಂಗಳ ಮಾರಾಟದ ಪುಸ್ತಕವನ್ನು ನೋಡಬೇಕು. ಯಾರೂ ಒತ್ತಾಯಿಸದೆ ತಾವಾಗಿಯೇ ಮೂರು ಬಾರಿ ಅಥವಾ ಅದಕ್ಕಿಂತ ಹೆಚ್ಚು ಬಾರಿ ಕೊಂಡವರು ಎಷ್ಟು ಮಂದಿ? ಅವರ ಖರೀದಿಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಆಗಿದೆಯೇ? ಅಂತಹವರು ಇದ್ದರೆ ಅವರು ಈಗಾಗಲೇ ಹೆಸರಿಲ್ಲದ ಚಂದಾದಾರರು. ಅಂತಹ ಗ್ರಾಹಕರೇ ಇಲ್ಲದಿದ್ದರೆ ಚಂದಾ ಎಂಬ ಹೆಸರು ಅವರನ್ನು ಹುಟ್ಟಿಸುವುದಿಲ್ಲ.

*ಪ್ರಶ್ನೆ 2: ನಮ್ಮ ಪೂರೈಕೆ ಆ ಅವಧಿಗೆ ಹೊಂದುತ್ತದೆಯೇ?*

ಗ್ರಾಹಕರಿಗೆ ಪ್ರತಿ ತಿಂಗಳು ಬೇಕಿದ್ದರೂ ಊರಿನಲ್ಲಿ ಪ್ರತಿ ತಿಂಗಳು ದೊರೆಯಬೇಕಷ್ಟೆ. ಮಲೆನಾಡಿನ ಅಪ್ಪೆಮಿಡಿ ವರ್ಷಕ್ಕೊಮ್ಮೆ ಸಿಗುತ್ತದೆ. ಜೇನಿನ ಇಳುವರಿ ಹೂಬಿಡುವ ಕಾಲವನ್ನು ಅವಲಂಬಿಸಿದೆ. ಬಿತ್ತನೆ, ಕಳೆ, ಸುಗ್ಗಿಯ ದಿನಗಳಲ್ಲಿ ಸಂಘದ ಮಹಿಳೆಯರು ಹೊಲದಲ್ಲಿರುತ್ತಾರೆ. ಹಬ್ಬಹರಿದಿನ, ಜಾತ್ರೆ, ಮನೆಯ ಮದುವೆಗಳು ಬೇರೆ. ಮಳೆಗಾಲದಲ್ಲಿ ಹಪ್ಪಳ, ಸಂಡಿಗೆ ಒಣಗುವುದಿಲ್ಲ. ವರ್ಷದ ಹನ್ನೆರಡು ತಿಂಗಳನ್ನೂ ಒಂದು ಹಾಳೆಯಲ್ಲಿ ಬರೆದು, ಯಾವ ತಿಂಗಳು ಎಷ್ಟು ಮಂದಿ ಎಷ್ಟು ದಿನ ಕೆಲಸಕ್ಕೆ ದೊರೆಯುವರು, ಯಾವ ಸಾಮಗ್ರಿ ಯಾವಾಗ ಸಿಗುವುದು ಎಂಬುದನ್ನು ತುಂಬಿಸಿದರೆ ಉತ್ತರ ಕಣ್ಣಿಗೆ ಬೀಳುತ್ತದೆ.

ಪೂರೈಕೆಯ ಏರುಪೇರನ್ನು ಒಪ್ಪಿಕೊಂಡೇ ನಡೆಯುವ ಚಂದಾ ವ್ಯವಸ್ಥೆಗಳೂ ಇವೆ. ಜಪಾನಿನಲ್ಲಿ 1970ರ ದಶಕದಲ್ಲಿ ರೈತರು ಮತ್ತು ನಗರದ ಕುಟುಂಬಗಳ ನಡುವೆ "ತೆಯ್ಕೆಯ್" ಎಂಬ ನೇರ ಒಡಂಬಡಿಕೆಗಳು ಬೆಳೆದವು. ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಎರಡು ಕೃಷಿಕ್ಷೇತ್ರಗಳಲ್ಲಿ 1986ರಲ್ಲಿ ಇದೇ ಬಗೆಯ ಸಮುದಾಯ ಬೆಂಬಲಿತ ಕೃಷಿ ಆರಂಭವಾಯಿತು. ಅಲ್ಲಿ ಸದಸ್ಯರು ಹಂಗಾಮಿನ ಆರಂಭದಲ್ಲೇ ಪಾಲಿನ ಹಣ ಕೊಡುತ್ತಾರೆ. ಬೆಳೆ ಬಂದಷ್ಟನ್ನು ಹಂಚಿಕೊಳ್ಳುತ್ತಾರೆ. ಇಳುವರಿ ಕಡಿಮೆಯಾದರೆ ಆ ನಷ್ಟದಲ್ಲಿಯೂ ಪಾಲುದಾರರಾಗಿರುತ್ತಾರೆ. ಇದು ಸಾಧ್ಯವಾಗುವುದು ಈ ಷರತ್ತನ್ನು ಮೊದಲೇ ಬಾಯಿಬಿಟ್ಟು ಹೇಳಿ, ಬರೆದು, ಒಪ್ಪಿಗೆ ಪಡೆದಾಗ ಮಾತ್ರ. ಎಂಟು ಬಗೆಯ ತರಕಾರಿ ಎಂದು ಹೇಳಿ ನಾಲ್ಕನ್ನು ಕಳುಹಿಸಿದ ಮೇಲೆ ಮಳೆಯ ಕಾರಣ ನೀಡಿದರೆ ಗ್ರಾಹಕರು ಒಪ್ಪುವುದಿಲ್ಲ.

*ಪ್ರಶ್ನೆ 3: ಪ್ರತಿ ಬಾರಿ ತಲುಪಿಸಿದಾಗಲೂ ಲಾಭ ಉಳಿಯುತ್ತದೆಯೇ?*

ಚಂದಾದಾರರ ಸಂಖ್ಯೆ ಹೆಚ್ಚಿದಂತೆ ನಷ್ಟ ತಾನಾಗಿಯೇ ತುಂಬಿಬರುತ್ತದೆ ಎಂಬ ನಂಬಿಕೆ ಅಪಾಯಕಾರಿ. ಅಮೆರಿಕದ ಮೂವಿಪಾಸ್ ಸಂಸ್ಥೆಯ ಅನುಭವ ಇದಕ್ಕೆ ನಿದರ್ಶನ. 2017ರ ಆಗಸ್ಟ್‌ನಲ್ಲಿ ಅದು ತಿಂಗಳಿಗೆ 9.95 ಡಾಲರ್ ಚಂದಾಕ್ಕೆ ದಿನಕ್ಕೊಂದು ಚಲನಚಿತ್ರವನ್ನು ಚಿತ್ರಮಂದಿರದಲ್ಲಿ ನೋಡುವ ಅವಕಾಶ ನೀಡಿತು. ಆಗ ಅಲ್ಲಿ ಒಂದು ಟಿಕೆಟ್ಟಿನ ಸರಾಸರಿ ದರವೇ ಸುಮಾರು 9 ಡಾಲರ್ ಆಗಿದ್ದು, ಚಂದಾದಾರರು ನೋಡಿದ ಚಿತ್ರಗಳಿಗೆ ಸಂಸ್ಥೆಯೇ ಚಿತ್ರಮಂದಿರಗಳಿಗೆ ಹಣ ತೆರಬೇಕಿತ್ತು. ಮರುವರ್ಷ ಚಂದಾದಾರರ ಸಂಖ್ಯೆ 30 ಲಕ್ಷವನ್ನು ದಾಟಿತು. ನಷ್ಟವೂ ಅದರೊಂದಿಗೆ ಬೆಳೆಯಿತು. 2019ರ ಸೆಪ್ಟೆಂಬರ್‌ನಲ್ಲಿ ಸೇವೆ ನಿಂತುಹೋಯಿತು. ಒಂದು ಪೆಟ್ಟಿಗೆಯಲ್ಲಿ 20 ರೂಪಾಯಿ ನಷ್ಟವಾಗುತ್ತಿದ್ದರೆ ನೂರು ಪೆಟ್ಟಿಗೆಗಳಲ್ಲಿ ಆಗುವುದು 2,000 ರೂಪಾಯಿ ನಷ್ಟವೇ.

*ಪ್ರಶ್ನೆ 4: ಗ್ರಾಹಕರು ಎಷ್ಟು ಕಾಲ ಉಳಿಯುತ್ತಾರೆ? ಅವರನ್ನು ಕರೆತರಲು ಎಷ್ಟು ಖರ್ಚಾಗಿದೆ?*

ಹೊಸ ಗ್ರಾಹಕರನ್ನು ಸೆಳೆಯಲು ಜಾಹೀರಾತು, ಮಾದರಿ ಪೊಟ್ಟಣ, ಮೊದಲ ಪೆಟ್ಟಿಗೆಗೆ ರಿಯಾಯಿತಿ ಎಂದು ಹಣ ವೆಚ್ಚವಾಗುತ್ತದೆ. ಆ ವೆಚ್ಚ ವಸೂಲಾಗುವಷ್ಟು ಕಾಲ ಅವರು ಉಳಿಯದಿದ್ದರೆ ಚಂದಾ ಪದ್ಧತಿ ಬಿಡಿ ಮಾರಾಟಕ್ಕಿಂತಲೂ ನಷ್ಟದಾಯಕ. ಅಡುಗೆಗೆ ಬೇಕಾದ ಸಾಮಗ್ರಿಯನ್ನು ಅಳೆದು ಮನೆಗೆ ಕಳುಹಿಸುತ್ತಿದ್ದ ಅಮೆರಿಕದ ಬ್ಲೂ ಏಪ್ರನ್ ಸಂಸ್ಥೆಗೆ 2017ರ ಆರಂಭದಲ್ಲಿ ಸುಮಾರು 10 ಲಕ್ಷ ಗ್ರಾಹಕರಿದ್ದರು. 2019ರ ಕೊನೆಗೆ ಸುಮಾರು 3.5 ಲಕ್ಷ ಮಂದಿ ಉಳಿದರು. ರಿಯಾಯಿತಿಗಾಗಿ ಸೇರಿದ ಅನೇಕರು ರಿಯಾಯಿತಿ ಮುಗಿದ ಮೇಲೆ ಉಳಿಯಲಿಲ್ಲ. 2023ರಲ್ಲಿ ಸಂಸ್ಥೆಯೇ ಬೇರೊಬ್ಬರಿಗೆ ಮಾರಾಟವಾಯಿತು.

*ಪ್ರಶ್ನೆ 5: ಗ್ರಾಹಕರಿಗೆ ಇದರಿಂದ ಏನು ಪ್ರಯೋಜನ?*

ಅಂಗಡಿಯಲ್ಲಿ ಬೇಕೆಂದಾಗ ಸಿಗುವ ವಸ್ತುವಿಗೆ ಗ್ರಾಹಕರು ತಮ್ಮನ್ನು ಕಟ್ಟಿಹಾಕಿಕೊಳ್ಳುವುದೇಕೆ? ಬೆಲೆ ಕಡಿಮೆ ಇರಬೇಕು, ಅಥವಾ ಬೇರೆಡೆ ಸಿಗದ ಗುಣಮಟ್ಟ ಇರಬೇಕು, ಅಥವಾ ನೆನಪಿಟ್ಟುಕೊಂಡು ತರಿಸುವ ತೊಂದರೆ ತಪ್ಪಬೇಕು. ಈ ಮೂರರಲ್ಲಿ ಯಾವುದೂ ಇಲ್ಲದ ಯೋಜನೆಯಲ್ಲಿ, ಚಂದಾ ರದ್ದುಪಡಿಸಲು ಗ್ರಾಹಕರು ಮರೆಯಲಿ ಎಂಬ ಆಸೆ ಮಾತ್ರ ಉಳಿದಿರುತ್ತದೆ. ಅಂತಹ ಆದಾಯ ನ್ಯಾಯವಾದುದೂ ಅಲ್ಲ, ಬಾಳುವಂಥದ್ದೂ ಅಲ್ಲ.

4. ಒಂದು ಮಾದರಿ ಲೆಕ್ಕ

ಮೇಲಿನ ಪ್ರಶ್ನೆಗಳನ್ನು ಅಂಕಿಗಳಲ್ಲಿ ಹೇಗೆ ನೋಡಬೇಕೆಂಬುದನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಸಂಘವು ಜೋಳದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯ ಪೆಟ್ಟಿಗೆಯನ್ನು ತಿಂಗಳಿಗೆ 500 ರೂಪಾಯಿ ಚಂದಾಕ್ಕೆ ಕಳುಹಿಸುತ್ತದೆ ಎಂದಿಟ್ಟುಕೊಳ್ಳಿ.

ಸಾಮಗ್ರಿ ಮತ್ತು ಕೂಲಿ: 300 ರೂ.
ಪೆಟ್ಟಿಗೆ ಮತ್ತು ಕಟ್ಟುವ ವೆಚ್ಚ: 30 ರೂ.
ಸಾಗಣೆ: 80 ರೂ.
ಹಣ ಪಾವತಿ ವ್ಯವಸ್ಥೆಯ ಶುಲ್ಕ: 10 ರೂ.
ಒಟ್ಟು ವೆಚ್ಚ: 420 ರೂ.
ಪೆಟ್ಟಿಗೆಯೊಂದಕ್ಕೆ ಉಳಿಯುವುದು: 80 ರೂ.

ಒಬ್ಬ ಹೊಸ ಚಂದಾದಾರರನ್ನು ಪಡೆಯಲು ಜಾಹೀರಾತು ಮತ್ತು ರಿಯಾಯಿತಿ ಸೇರಿ 240 ರೂ. ವೆಚ್ಚವಾಗಿದೆ ಎಂದಾದರೆ, ಮೊದಲ ಮೂರು ತಿಂಗಳ ಉಳಿಕೆ ಆ ವೆಚ್ಚಕ್ಕೇ ಸರಿಹೋಗುತ್ತದೆ. ನಾಲ್ಕನೆಯ ತಿಂಗಳಿನಿಂದ ಮಾತ್ರ ಸಂಘಕ್ಕೆ ಏನಾದರೂ ದಕ್ಕುತ್ತದೆ.

ಈಗ ಬಿಟ್ಟುಹೋಗುವವರ ಲೆಕ್ಕ. ಪ್ರತಿ ತಿಂಗಳು ನೂರರಲ್ಲಿ 20 ಮಂದಿ ಚಂದಾ ನಿಲ್ಲಿಸಿದರೆ ಒಬ್ಬ ಗ್ರಾಹಕ ಸರಾಸರಿ 5 ತಿಂಗಳು ಉಳಿದಂತಾಗುತ್ತದೆ. ಅವರಿಂದ ಬರುವ ಉಳಿಕೆ 400 ರೂ.; ಕರೆತಂದ ವೆಚ್ಚ 240 ರೂ. ಕಳೆದರೆ 160 ರೂ. ಲಾಭ. ನೂರರಲ್ಲಿ 40 ಮಂದಿ ನಿಲ್ಲಿಸಿದರೆ ಸರಾಸರಿ ಎರಡೂವರೆ ತಿಂಗಳು ಮಾತ್ರ. ಉಳಿಕೆ 200 ರೂ.; 240 ರೂ. ಕಳೆದರೆ 40 ರೂ. ನಷ್ಟ. ವಸ್ತು ಒಂದೇ, ಬೆಲೆ ಒಂದೇ, ಶ್ರಮವೂ ಒಂದೇ. ಗ್ರಾಹಕರು ಉಳಿಯುವ ಅವಧಿಯೊಂದೇ ಲಾಭವನ್ನು ನಷ್ಟವನ್ನಾಗಿ ಮಾಡಿದೆ.

ಇನ್ನೊಂದು ಅಂಶವಿದೆ. ತಿಂಗಳಿಗೆ ನೂರಕ್ಕೆ 20ರಂತೆ ಬಿಟ್ಟುಹೋದರೆ, ಹೊಸಬರು ಸೇರದ ಪಕ್ಷದಲ್ಲಿ, 100 ಚಂದಾದಾರರು ಆರು ತಿಂಗಳಲ್ಲಿ 26ಕ್ಕೆ ಇಳಿಯುತ್ತಾರೆ. ಸಂಖ್ಯೆಯನ್ನು 100ರಲ್ಲಿಯೇ ಉಳಿಸಬೇಕಾದರೆ ಪ್ರತಿ ತಿಂಗಳು 20 ಹೊಸಬರನ್ನು ಕರೆತರಬೇಕು. ಅದಕ್ಕೆ 4,800 ರೂ. ಬೇಕು. ನೂರು ಪೆಟ್ಟಿಗೆಗಳ ಉಳಿಕೆಯಾದ 8,000 ರೂ.ಗಳಿಂದ ಅದನ್ನು ಕಳೆದರೆ 3,200 ರೂ. ಮಾತ್ರ ಮಿಗುತ್ತದೆ. ಕೊಠಡಿ ಬಾಡಿಗೆ, ವಿದ್ಯುತ್, ಗ್ರಾಹಕರ ಕರೆ ಸ್ವೀಕರಿಸುವವರ ಸಂಭಾವನೆ, ಸಾಲದ ಕಂತು ಎಲ್ಲವೂ ಈ ಹಣದಿಂದಲೇ ಸಲ್ಲಬೇಕು. "100 ಚಂದಾದಾರರು, ತಲಾ 500 ರೂಪಾಯಿ, ತಿಂಗಳಿಗೆ 50,000 ರೂಪಾಯಿ ಖಚಿತ ಆದಾಯ" ಎಂದು ಯೋಜನಾ ಪತ್ರದಲ್ಲಿ ಬರೆದಿದ್ದರೆ, ಈ 3,200 ರೂಪಾಯಿಯ ಸಾಲು ಅದರಲ್ಲಿ ಎಲ್ಲಿದೆ ಎಂದು ಸದಸ್ಯರು ಕೇಳಬಹುದು.

5. ಚಂದಾ ಒಪ್ಪದಿದ್ದಲ್ಲಿ ಬೇರೆ ಮಾರ್ಗಗಳು

ಚಂದಾ ಪದ್ಧತಿ ಒಪ್ಪುವುದಿಲ್ಲ ಎಂದಮಾತ್ರಕ್ಕೆ ಆನ್‌ಲೈನ್ ವ್ಯಾಪಾರವೇ ಒಪ್ಪುವುದಿಲ್ಲ ಎಂದು ತಿಳಿಯಬಾರದು.

ಅ) ಹಂಗಾಮಿನ ಮುಂಗಡ ಕಾಯ್ದಿರಿಸುವಿಕೆ: ವರ್ಷಕ್ಕೊಮ್ಮೆ ದೊರೆಯುವ ಉತ್ಪನ್ನಗಳಿಗೆ ಇದು ಸೂಕ್ತ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಮಾವಿನ ಹಂಗಾಮಿನಲ್ಲಿ ಆನ್‌ಲೈನ್ ಮೂಲಕ ಬೇಡಿಕೆ ಸ್ವೀಕರಿಸಿ, ಅಂಚೆ ಇಲಾಖೆಯ ನೆರವಿನಿಂದ ಬೆಂಗಳೂರಿನ ಮನೆಗಳಿಗೆ ಹಣ್ಣು ತಲುಪಿಸುವ ವ್ಯವಸ್ಥೆ ನಡೆಸಿದೆ. ಇಲ್ಲಿ ಹಂಗಾಮಿನ ಆಚೆಗೆ ಯಾವ ಬಾಧ್ಯತೆಯೂ ಉಳಿಯುವುದಿಲ್ಲ.

ಆ) ನೆನಪಿಸಿ ಮಾರುವುದು: ಕಾಯಂ ಗ್ರಾಹಕರ ಪಟ್ಟಿ ಇಟ್ಟುಕೊಂಡು, ವಸ್ತು ಮುಗಿಯುವ ಹೊತ್ತಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳುಹಿಸಿ ಬೇಕೇ ಎಂದು ಕೇಳುವುದು. ಬೇಕೆಂದವರಿಗೆ ಮಾತ್ರ ಕಳುಹಿಸುವುದರಿಂದ ಸಣ್ಣ ಸಂಘಗಳಿಗೆ ಇದು ಹೆಚ್ಚು ಸುರಕ್ಷಿತ.

ಇ) ಸಗಟು ಒಪ್ಪಂದ: ನೂರು ಮನೆಗಳ ಬದಲು ಎರಡು ಮೂರು ಅಂಗಡಿ, ವಿದ್ಯಾರ್ಥಿನಿಲಯ ಅಥವಾ ಉಪಾಹಾರ ಗೃಹಗಳಿಗೆ ನಿಯಮಿತವಾಗಿ ಪೂರೈಸುವುದು. ಬೆಲೆ ಸ್ವಲ್ಪ ಕಡಿಮೆ ದೊರೆತರೂ ಸಾಗಣೆಯ ಮತ್ತು ಗ್ರಾಹಕರನ್ನು ಹುಡುಕುವ ವೆಚ್ಚ ಬಹಳಷ್ಟು ತಗ್ಗುತ್ತದೆ.

ಈ) ಹಬ್ಬದ ಪೆಟ್ಟಿಗೆ: ಯುಗಾದಿ, ಗೌರಿ-ಗಣೇಶ, ದಸರಾ, ದೀಪಾವಳಿಗೆ ಮಾತ್ರ ವಿಶೇಷ ಪೆಟ್ಟಿಗೆ. ಕರಕುಶಲ ವಸ್ತುಗಳಿಗೂ ಇದು ಹೊಂದುತ್ತದೆ.

6. ಕಾನೂನು ಮತ್ತು ನಿಯಮಗಳು

ಹಣ ತಾನಾಗಿ ಕಡಿತವಾಗುವ ವ್ಯವಸ್ಥೆಗೆ ಭಾರತೀಯ ರಿಸರ್ವ್ ಬ್ಯಾಂಕ್ ನಿಯಮಗಳನ್ನು ರೂಪಿಸಿದ್ದು, ಅವು 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದಿವೆ. ಗ್ರಾಹಕರು ಮೊದಲ ಬಾರಿ ಹೆಚ್ಚುವರಿ ದೃಢೀಕರಣದೊಂದಿಗೆ ಒಪ್ಪಿಗೆ ನೀಡಬೇಕು. ಪ್ರತಿ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಅವರಿಗೆ ಸೂಚನೆ ತಲುಪಬೇಕು. ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕು ಅವರಿಗಿದೆ. 2022ರ ಜೂನ್‌ನಲ್ಲಿ, ಪ್ರತಿ ಬಾರಿ ದೃಢೀಕರಣ ಕೇಳದೆ ಕಡಿತ ಮಾಡಬಹುದಾದ ಸಾಮಾನ್ಯ ಮಿತಿಯನ್ನು 5,000 ರೂ.ಗಳಿಂದ 15,000 ರೂ.ಗಳಿಗೆ ಏರಿಸಲಾಯಿತು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2020ರ ಜುಲೈನಲ್ಲಿ ಯುಪಿಐ ಆಟೋಪೇ ಸೌಲಭ್ಯವನ್ನು ಆರಂಭಿಸಿದೆ. ಇದರ ಪರಿಣಾಮವಾಗಿ ಪ್ರತಿ ತಿಂಗಳೂ ಗ್ರಾಹಕರ ಮೊಬೈಲಿಗೆ "ನಾಳೆ ಹಣ ಕಡಿತವಾಗಲಿದೆ" ಎಂಬ ಸೂಚನೆ ಹೋಗುತ್ತದೆ, ಪ್ರತಿ ತಿಂಗಳೂ ಅವರು "ಇದು ನನಗೆ ಬೇಕೇ?" ಎಂದು ಯೋಚಿಸುತ್ತಾರೆ. ಮರೆವಿನ ಮೇಲೆ ವ್ಯಾಪಾರ ಕಟ್ಟಲು ಇಲ್ಲಿ ಅವಕಾಶವಿಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಲಾಗಿದೆ. "ಚಂದಾ ಬಲೆ" ಅವುಗಳಲ್ಲಿ ಒಂದು. ರದ್ದುಪಡಿಸುವ ದಾರಿಯನ್ನು ಮರೆಮಾಚುವುದು, ಅದನ್ನು ಅತಿ ಜಟಿಲಗೊಳಿಸುವುದು ಇದರಲ್ಲಿ ಸೇರುತ್ತವೆ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ದೋಷಯುಕ್ತ ಸರಕನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಗ್ರಾಹಕರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ನೀಡಬಹುದು.

ಆಹಾರ ಪದಾರ್ಥಗಳನ್ನು ಮಾರುವ ಸಂಘಗಳು ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ ಪಡೆದಿರಬೇಕು. ಪೊಟ್ಟಣದ ಮೇಲೆ ತಯಾರಿಕೆಯ ದಿನಾಂಕ, ಬಳಕೆಯ ಅವಧಿ ಮೊದಲಾದ ವಿವರಗಳಿರಬೇಕು. ತೆರಿಗೆಗೆ ಒಳಪಡುವ ಸರಕನ್ನು ಹೊರರಾಜ್ಯಕ್ಕೆ ಕಳುಹಿಸುವುದಾದರೆ ವಹಿವಾಟು ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಏಳುತ್ತದೆ. ಈ ಬಗ್ಗೆ ತೆರಿಗೆ ಸಲಹೆಗಾರರನ್ನು ಮೊದಲೇ ವಿಚಾರಿಸುವುದು ಒಳಿತು.

7. ಪರೀಕ್ಷಾರ್ಥವಾಗಿ ಆರಂಭಿಸುವ ಕ್ರಮ

ಐದು ಪ್ರಶ್ನೆಗಳಿಗೂ ಸಮಾಧಾನಕರ ಉತ್ತರ ದೊರೆತರೂ ದೊಡ್ಡ ಸಾಲದೊಂದಿಗೆ ಆರಂಭಿಸುವ ಬದಲು ಈ ಕೆಳಗಿನ ಕ್ರಮವನ್ನು ಸಂಘಗಳಿಗೆ ಸೂಚಿಸಬಹುದು.

(1) ಈಗಾಗಲೇ ಪದೇ ಪದೇ ಕೊಳ್ಳುತ್ತಿರುವ 20ರಿಂದ 30 ಗ್ರಾಹಕರೊಂದಿಗೆ ಮಾತ್ರ ಆರಂಭಿಸುವುದು.

(2) ಒಂದು ತಿಂಗಳಿಗಿಂತ ಹೆಚ್ಚಿನ ಮುಂಗಡವನ್ನು ಪಡೆಯದಿರುವುದು. ವಾರ್ಷಿಕ ಚಂದಾ ಪಡೆಯಲೇಬೇಕೆಂದಿದ್ದರೆ, ಆ ಹಣವನ್ನು ಬೇರೆ ಖಾತೆಯಲ್ಲಿರಿಸಿ ತಿಂಗಳು ತಿಂಗಳು ಸರಕು ತಲುಪಿದ ಮೇಲೆ ಆ ತಿಂಗಳ ಪಾಲನ್ನು ಮಾತ್ರ ಬಳಸುವುದು.

(3) ಬೇಡವಾದ ತಿಂಗಳು ಬಿಟ್ಟುಬಿಡಲು ಮತ್ತು ಯಾವಾಗ ಬೇಕಾದರೂ ನಿಲ್ಲಿಸಲು ಗ್ರಾಹಕರಿಗೆ ಸುಲಭ ಅವಕಾಶ ನೀಡುವುದು. ಮನೆಯಲ್ಲಿ ಯಾರೂ ಇಲ್ಲದಾಗ ವರ್ತನೆಯ ಹಾಲನ್ನು ನಿಲ್ಲಿಸುವಂತೆ ಇದು. ಒಂದು ತಿಂಗಳು ಬಿಡಲು ಅವಕಾಶವಿದ್ದವರು ಪೂರ್ತಿಯಾಗಿ ಬಿಟ್ಟುಹೋಗಬೇಕಾಗುವುದಿಲ್ಲ.

(4) ಒಂದು ಪುಸ್ತಕದಲ್ಲಿ ಪ್ರತಿ ತಿಂಗಳು ನಾಲ್ಕು ಅಂಕಿಗಳನ್ನು ಬರೆಯುವುದು: ಹೊಸದಾಗಿ ಸೇರಿದವರು, ಬಿಟ್ಟವರು, ಪೆಟ್ಟಿಗೆಯೊಂದರ ನಿಜವಾದ ವೆಚ್ಚ, ತಡವಾಗಿ ಅಥವಾ ಕೆಟ್ಟು ತಲುಪಿದ ಪೆಟ್ಟಿಗೆಗಳು. ಬಿಟ್ಟವರಿಗೆ ಕರೆ ಮಾಡಿ ಕಾರಣ ಕೇಳಿ ಅದನ್ನೂ ಬರೆದಿಡುವುದು.

(5) ಆರಂಭಿಸುವ ಮೊದಲೇ ಸಂಘದ ಸಭೆಯಲ್ಲಿ ಒಂದು ಗೆರೆ ಎಳೆದು ನಡಾವಳಿಯಲ್ಲಿ ದಾಖಲಿಸುವುದು. "ಮೂರು ತಿಂಗಳ ಕೊನೆಗೆ ಆರಂಭದ ಗ್ರಾಹಕರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಉಳಿದಿದ್ದರೆ ಚಂದಾ ನಿಲ್ಲಿಸಿ ಬಿಡಿ ಮಾರಾಟಕ್ಕೆ ಮರಳುವುದು" ಎಂಬಂಥ ನಿರ್ಧಾರ ಮೊದಲೇ ಆಗಿದ್ದರೆ, ನಂತರ ಮುಜುಗರವಿಲ್ಲದೆ ಹಿಂದೆ ಸರಿಯಬಹುದು.

8. ಸದಸ್ಯರ ಪಾತ್ರ

ವ್ಯಾಪಾರವನ್ನು ನಡೆಸುವುದು ಸಂಘದ ಕೆಲಸ. ಪಂಚಾಯಿತಿಯ ಹೆಸರಿನಲ್ಲಿ ಗ್ರಾಹಕರಿಗೆ ಯಾವುದೇ ಖಾತರಿ ನೀಡುವುದು, ಸಂಘಗಳು ಇಂತಿಂಥ ಪದ್ಧತಿಯನ್ನೇ ಅನುಸರಿಸಬೇಕೆಂದು ಒತ್ತಾಯಿಸುವುದು ಸೂಕ್ತವಲ್ಲ. ಆದರೆ ಸಂಘದ ಸದಸ್ಯೆಯರು ಕೇಳಲು ಹಿಂಜರಿಯುವ ಪ್ರಶ್ನೆಗಳನ್ನು ಚುನಾಯಿತ ಪ್ರತಿನಿಧಿಗಳು ಕೇಳಬಹುದು. ಹೊರಗಿನ ಸಲಹೆಗಾರರೊಬ್ಬರು ಸುಂದರವಾದ ಚಿತ್ರಪಟಗಳೊಂದಿಗೆ ಯೋಜನೆಯನ್ನು ಮಂಡಿಸಿದಾಗ, ಪೆಟ್ಟಿಗೆಯೊಂದಕ್ಕೆ ಉಳಿಯುವುದೆಷ್ಟು, ಬಿಟ್ಟುಹೋಗುವವರ ಅಂದಾಜು ಎಷ್ಟು, ಸುಗ್ಗಿಯ ತಿಂಗಳಲ್ಲಿ ರೊಟ್ಟಿ ತಟ್ಟುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಯೋಜನೆಯ ಬಲಾಬಲ ಬಹುಮಟ್ಟಿಗೆ ತಿಳಿಯುತ್ತದೆ.

ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಸಭೆಗಳಲ್ಲಿ ಈ ಲೇಖನದ ನಾಲ್ಕನೆಯ ಭಾಗದ ಲೆಕ್ಕವನ್ನು, ಆಯಾ ಸಂಘದ ಉತ್ಪನ್ನದ ನಿಜವಾದ ಅಂಕಿಗಳನ್ನು ಹಾಕಿ, ಎಲ್ಲರೆದುರು ಬಿಡಿಸಿ ನೋಡುವುದು ಉಪಯುಕ್ತ. ಲೆಕ್ಕ ಕೂಡಿಬಂದರೆ ಸಂಘ ಧೈರ್ಯದಿಂದ ಮುಂದುವರಿಯಲಿ. ಕೂಡಿಬರದಿದ್ದರೆ ಸಾಲ ಪಡೆಯುವ ಮೊದಲೇ ಆ ಸಂಗತಿ ತಿಳಿದಂತಾಗುತ್ತದೆ. ಸಂಘವು ಐದನೆಯ ಭಾಗದಲ್ಲಿ ಹೇಳಿದ ಬೇರೆ ಮಾರ್ಗವೊಂದನ್ನು ಆರಿಸಿಕೊಳ್ಳಬಹುದು.